ಹೊಸ್ತಿನ ಅಪ್ಪಣೆ

ಆಸಾಡಿಯ ಮಳೆ ಹಿಡಿದು ಎಂಟು ದಿವಸಗಳಾದವೆಂದರೆ ನಮ್ಮ ಅಜ್ಜಮ್ಮನು ಅಟ್ಟಕ್ಕೆ ಏಣಿ ಇಡಿಸಿ ಚೆನ್ನೆಮಣೆಯನ್ನು ಇಳಿಸುತ್ತಿದ್ದಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು, ಹೊಗೆಯ ಕಪ್ಪು ಹತ್ತಿ, ವರ್ಷದ ಹೆಚ್ಚಿನ ದಿನಗಳನ್ನು ಕತ್ತಲೆಯಲ್ಲಿಯೇ ಕಳೆಯುತ್ತಿದ್ದ ಆ ಹಲಸಿನ ಮಣೆಯು ಜಗುಲಿಗೆ ಬಂದಿತೆಂದರೆ ಹಬ್ಬಗಳ ಕಾಲವು ಸಮೀಪಿಸಿತೆಂದು ನಾವು ಮಕ್ಕಳು ತಿಳಿಯುತ್ತಿದ್ದೆವು. ತೆಕ್ಕಟ್ಟೆಯ ಬಳಿಯ ನಮ್ಮ ಮನೆಯಲ್ಲಿ ಆಗ ಹದಿನೆಂಟು ಜನರು. ನಟ್ಟಿಯ ಕೆಲಸವು ಮುಗಿದಿರುವುದು. ಮಳೆಯಲ್ಲಿ ಹೊರಗೆ ಹೋಗುವಂತಿಲ್ಲ. ಒಳಗೆ ಬೇಯಿಸಿದ್ದು ಸಾಲುವುದಿಲ್ಲ. ಆಸಾಡಿಯು ಹಸಿವಿನ ತಿಂಗಳು. ಕಳೆದ ವರ್ಷದ ಅಕ್ಕಿಯ ಮುಡಿಗಳು ಒಂದೊಂದಾಗಿ ಬಿಚ್ಚಿ ಮುಗಿಯುತ್ತ ಬಂದಿರುವುವು. ಹೊಸ ಬೆಳೆಯು ಇನ್ನೂ ಗೇಣುದ್ದದ ಹಸುರು. ಕುಳಿತಲ್ಲಿಂದ ಏಳದೆ ಆಡುವ ಆಟವನ್ನು ಈ ತಿಂಗಳಿಗೆಂದೇ ನಿಯಮಿಸಿದ ಹಿರಿಯರು ಹೊಟ್ಟೆಯ ಸಂಗತಿಯನ್ನು ಚೆನ್ನಾಗಿ ಬಲ್ಲವರೇ ಆಗಿರಬೇಕು.

ಆಸಾಡಿಯೆಂದರೆ ಕರ್ಕಾಟಕ ಮಾಸ. ಅದರ ಮುಂದಿನದು ಸೋಣೆ, ಎಂದರೆ ಸಿಂಹಮಾಸ. ಪಾಠಶಾಲೆಯಲ್ಲಿ ಪಂಚಾಂಗ ನೋಡಲು ಕಲಿತವನಾದುದರಿಂದ ಇವೆಲ್ಲವನ್ನೂ ಈಗ ಸೌರಮಾನದ ಲೆಕ್ಕದಲ್ಲಿ ವಿವರಿಸಬಲ್ಲೆನು. ಆದರೆ ಆಗ ನನಗೆ ತಿಂಗಳುಗಳು ತಿಳಿಯುತ್ತಿದ್ದುದು ನಾಲಿಗೆಯಿಂದ. ಕೆಸುವಿನ ಎಲೆಯ ಪತ್ರೊಡೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ, ಸುಟ್ಟ ಹಪ್ಪಳದೊಡನೆ ಒಂದು ಚೂರು ತೆಂಗಿನಕಾಯಿ ಬಂದರೆ ಅದು ಆಸಾಡಿ. ಅರಸಿನ ಎಲೆಯಲ್ಲಿ ಬೇಯಿಸಿದ ಕಡುಬಿನ ಪರಿಮಳವು ಅಡಿಗೆಯ ಮನೆಯಿಂದ ಬಾವಿಕಟ್ಟೆಯವರೆಗೆ ಹಬ್ಬಿದರೆ ಅದು ನಾಗರ ಪಂಚಮಿ. ಅಷ್ಟಮಿಗೂ ಚೌತಿಗೂ ಕೊಟ್ಟೆ ಕಡುಬು.

ಕೊಟ್ಟೆಯ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳಿದರೆ ವಾಚಕರು ಕ್ಷಮಿಸಬೇಕು. ನಾಲ್ಕು ಹಲಸಿನೆಲೆಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಜೋಡಿಸಿ, ಹಿಡಿಕಡ್ಡಿಯ ಚೂರುಗಳಿಂದ ಚುಚ್ಚಿ, ಮಡಚಿ ಬಟ್ಟಲಿನಂತೆ ನಿಲ್ಲಿಸಬೇಕು. ಉದ್ದು ಅಕ್ಕಿಗಳ ಹಿಟ್ಟನ್ನು ಅದರಲ್ಲಿ ಹೊಯ್ದು ಹಬೆಯಲ್ಲಿ ಬೇಯಿಸಿದರೆ ಎಲೆಯ ಸುವಾಸನೆಯು ಕಡುಬಿನ ಒಡಲಿಗೆ ಇಳಿಯುವುದು. ಹಿಂದಿನ ದಿನ ಸಾಯಂಕಾಲ ಕೊಟ್ಟೆ ಕಟ್ಟುವ ಕೆಲಸವು ಮಕ್ಕಳದು. ಅಮ್ಮನು ಪ್ರತಿಯೊಂದು ಕೊಟ್ಟೆಗೂ ತಂಬಿಗೆಯಿಂದ ನೀರೆರೆದು ಪರೀಕ್ಷಿಸುವಳು. ಅಣ್ಣಯ್ಯನು ಕಟ್ಟಿದವುಗಳಲ್ಲಿ ಒಂದಾದರೂ ಸೋರಿದುದನ್ನು ನಾನು ಕಂಡವನಲ್ಲ. ನನ್ನವು ಹತ್ತರಲ್ಲಿ ಆರು ಸೋರುವುವು. ಅವನು ನಗುವನು. ನಾನು ಸಂಸ್ಕೃತ ಕಲಿಯಲು ಹೋದುದೂ ಅವನು ಗದ್ದೆಯಲ್ಲಿಯೇ ನಿಂತುದೂ ಆ ಸಂಜೆಗಳಲ್ಲಿಯೇ ನಿಶ್ಚಯವಾಗಿರಬೇಕೆಂದು ನನಗೆ ಅನೇಕ ಸಲ ತೋರಿದೆ. ಕೈ ಬರದವನನ್ನು ಬಾಯಿಯ ವಿದ್ಯೆಗೆ ಕಳುಹಿಸಿದರು.

ಮತ್ತೆ ಚೆನ್ನೆಮಣೆಗೆ ಬರುತ್ತೇನೆ. ಒಂದೊಂದು ಸಾಲಿನಲ್ಲಿ ಏಳರಂತೆ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು. ಒಂದು ಗುಳಿಯ ಕಾಯಿಗಳನ್ನೆಲ್ಲ ಹಿಡಿದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಬಿತ್ತುವುದು, ಕೊಯ್ಯುವುದು, ಎದುರಿನವರ ಕಣಜವನ್ನು ಬರಿದುಮಾಡುವುದು: ಇದು ರೈತರ ಮನೆಯಲ್ಲಿ ಹುಟ್ಟಿದ ಆಟವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆಫ್ರಿಕದ ದೇಶಗಳಲ್ಲಿಯೂ ಇದರ ದಾಯಾದಿ ಆಟಗಳು ಬಹಳವಾಗಿ ಇವೆಯೆಂದು ಮುಂದೆ ಓದಿ ತಿಳಿದೆನು. ನಮ್ಮಲ್ಲಿ ಅದಕ್ಕೆ ಒಂದು ವಿಧಿಯಿದ್ದಿತು. ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದು. ಅಜ್ಜಮ್ಮನೊಡನೆ ಆಡಬಹುದು, ಚಿಕ್ಕಮ್ಮನೊಡನೆ ಆಡಬಹುದು, ಯಾರೂ ಸಿಕ್ಕದಿದ್ದರೆ ಒಬ್ಬರೇ ಕುಳಿತು ಸೀತೆಯಾಟ ಆಡಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡದು.

ಕೂಡದೆಂದುದರಿಂದಲೇ ನಾವು ಆಡಿದೆವು. ಅದು 1968ನೆಯ ಇಸವಿ. ನನಗೆ ಒಂಬತ್ತು, ಅಣ್ಣಯ್ಯನಿಗೆ ಹದಿಮೂರು. ಮಧ್ಯಾಹ್ನ ಹಿರಿಯರು ಮಲಗಿದ್ದಾಗ ಹಟ್ಟಿಯ ಪಕ್ಕದ ಚಾವಡಿಯಲ್ಲಿ ಮೂರು ಆಟಗಳಾದವು. ಮೂರರಲ್ಲಿಯೂ ನಾನು ಸೋತೆನು. ಮೂರನೆಯದರಲ್ಲಿ ಅವನು ನನ್ನ ಕಡೆಯ ಕೊನೆಯ ಗುಳಿಯನ್ನು ಬಳಿದು, ‘ಇನ್ನು ನೀನು ಹುಲ್ಲು ಮೇಯಬೇಕು’ ಎಂದನು. ನನಗೆ ಏನಾಯಿತೋ ತಿಳಿಯದು. ಎರಡು ಕೈಗಳಿಂದಲೂ ಮಣೆಯನ್ನೆತ್ತಿ ಅವನ ಮುಖಕ್ಕೆ ಬೀಸಿದೆನು. ಎಡದ ಹುಬ್ಬು ಸೀಳಿ ರಕ್ತವು ಧಾರೆಯಾಗಿ ಇಳಿಯಿತು. ಕೆಂಪು ಕಾಯಿಗಳು ಸೆಗಣಿ ಸಾರಿಸಿದ ನೆಲದಲ್ಲಿ ಉರುಳಿ ಎಲ್ಲೆಲ್ಲಿಗೋ ಹೋದವು. ಐವತ್ತಾರರಲ್ಲಿ ನಲವತ್ತೊಂಬತ್ತು ಮಾತ್ರ ಸಿಕ್ಕಿದುವು.

ಅಜ್ಜಮ್ಮನು ನನ್ನನ್ನು ಹೊಡೆಯಲಿಲ್ಲ. ಗಾಯಕ್ಕೆ ಅರಸಿನ ಮೆತ್ತಿ, ಅಣ್ಣಯ್ಯನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನನ್ನನ್ನು ಎದುರಿಗೆ ಕುಳ್ಳಿರಿಸಿ ಒಂದು ಕತೆ ಹೇಳಿದಳು. ತೆಂಕಲಾಗಿ ತುಳುವರ ಸೀಮೆಯಲ್ಲಿ ಅವಳಿಜವಳಿ ಅಕ್ಕತಂಗಿಯರಿದ್ದರಂತೆ, ಚೆನ್ನೆಯಾಡುತ್ತ ಜಗಳವಾಗಿ ಒಬ್ಬಳು ಇನ್ನೊಬ್ಬಳ ತಲೆಗೆ ಮಣೆಯಿಂದ ಹೊಡೆದಳಂತೆ, ಅವಳು ಸತ್ತಳು, ಹೊಡೆದವಳು ಬಾವಿಗೆ ಹಾರಿದಳು. ನನ್ನನ್ನು ಹೆದರಿಸಲು ಅಜ್ಜಮ್ಮನು ಕಟ್ಟಿದ ಕತೆಯೆಂದೇ ಬಹುಕಾಲ ನಂಬಿದ್ದೆನು. ಅದು ಸಿರಿ ಪಾಡ್ದನದಲ್ಲಿ ಬರುವ ಅಬ್ಬಗ ದಾರಗರ ಕತೆಯೆಂದು ಮುಂದೆ ತಿಳಿಯಿತು. ಉಜಿರೆಯ ಸಮೀಪದ ಗೋಪಾಲ ನಾಯ್ಕರು ಹಾಡಿದ ಆ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಎಂಬವರು ನಮ್ಮ ದೇಶದ ವಿದ್ವಾಂಸರೊಡಗೂಡಿ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡು 1998ರಲ್ಲಿ ಅಚ್ಚುಮಾಡಿಸಿದರು. ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳಿವೆ. ಓದು ಬರೆಹವಿಲ್ಲದ ನಮ್ಮ ಅಜ್ಜಮ್ಮನು ಅದರ ತಿರುಳನ್ನು ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸಿದ್ದಳು.

ಕತೆ ಮುಗಿದ ಮೇಲೆ ಅವಳೆಂದಳು: ‘ಹೊಸ್ತು ಬರಲಿ. ಅಣ್ಣಯ್ಯನ ಹತ್ತಿರ ಕೇಳದೆ ನಿನಗೆ ಬಾಳೆಯಿಲ್ಲ.’

ಘಟ್ಟದ ಮೇಲಣ ವಾಚಕರಿಗಾಗಿ ಹೊಸ್ತು ಎಂದರೇನೆಂದು ಹೇಳಬೇಕಾದೀತು. ಕಾರ್ತಿಯ ಬೆಳೆಯು ತೆನೆ ತುಂಬಿ ಬಾಗುವ ಕಾಲಕ್ಕೆ, ಕೊಯ್ಲಿಗೆ ಮುಂಚೆ, ಒಂದು ಶುಭದಿನವನ್ನು ನೋಡಿ ಹೊಸ ಅಕ್ಕಿಯನ್ನು ಉಣ್ಣುವ ಹಬ್ಬವಿದು. ನಮ್ಮಲ್ಲಿ ಹೆಚ್ಚಾಗಿ ನವರಾತ್ರಿಯಲ್ಲಿಯೇ. ಬೆಳಗಿನ ಜಾವ ಮನೆಯ ಯಜಮಾನನು ಮಿಂದು, ಮಡಿಯುಟ್ಟು, ದೀಪ ತೆಂಗಿನಕಾಯಿಗಳೊಡನೆ ಗದ್ದೆಗೆ ಹೋಗಿ, ಪೈರಿಗೆ ಪೂಜೆ ಮಾಡಿ ಕದಿರನ್ನು ಕೊಯ್ಯುವನು. ಹರಿವಾಣದಲ್ಲಿಟ್ಟು ತಲೆಯ ಮೇಲೆ ಹೊತ್ತು, ಜಾಗಟೆಯ ಸದ್ದಿನೊಡನೆ ಅಂಗಳಕ್ಕೆ ಬರುವಾಗ ಮನೆಯೊಡತಿಯು ಅವನ ಕಾಲಿಗೆ ನೀರೆರೆಯುವಳು. ಮಾವು, ಹಲಸು, ಅಶ್ವತ್ಥ, ಬಿದಿರುಗಳ ಎಲೆಗಳಲ್ಲಿ ಕದಿರನ್ನಿಟ್ಟು ನಾರಿನಿಂದ ಕಟ್ಟಿ ಬಾಗಿಲಿಗೆ, ಕಂಬಕ್ಕೆ, ಭತ್ತದ ಕಣಜಕ್ಕೆ, ಬಾವಿಯ ರಾಟೆಗೆ, ನೇಗಿಲಿಗೆ, ಹಟ್ಟಿಗೆ, ತೆಂಗಿನ ಮರಕ್ಕೆ ಕಟ್ಟುವರು. ಈಗ ಮೋಟಾರು ಕಾರಿಗೂ ಶೀತಲ ಪೆಟ್ಟಿಗೆಗೂ ಕಟ್ಟುತ್ತಾರೆಂದು ಕೆಲವರು ನಗುವರು. ನನಗೆ ಅದರಲ್ಲಿ ನಗುವಂಥದೇನೂ ತೋರುವುದಿಲ್ಲ. ಅನ್ನಕ್ಕೆ ನೆರವಾಗುವುದಕ್ಕೆಲ್ಲ ಒಂದು ತೆನೆ ಸಲ್ಲುವುದೇ ಸರಿ.

ಹೊಸ ಭತ್ತದ ಕೆಲವು ಕಾಳುಗಳನ್ನು ಉಗುರಿನಿಂದಲೇ ಸುಲಿದು ಹಳೆಯ ಅಕ್ಕಿಯಲ್ಲಿ ಬೆರಸಿ ಅನ್ನ ಮಾಡುವರು. ಕಾಯಿಹಾಲು ಬೆಲ್ಲಗಳ ಪಾಯಸಕ್ಕೂ ನಾಲ್ಕು ಕಾಳು ಬೀಳುವುದು. ನವರಾತ್ರಿಗೆ ಒಂಬತ್ತು ಪದಾರ್ಥಗಳಾಗಬೇಕೆಂದು ಅಮ್ಮನ ನಿಯಮ. ಹೀರೆ, ಪಡುವಲ, ಅಲಸಂದೆ, ಬೆಂಡೆ, ಹರಿವೆ, ಸೌತೆ, ಅಮಟೆ ಎಂದು ಎಣಿಸಿ, ಕಡೆಗೆ ಒಂಬತ್ತು ತುಂಬದಿದ್ದರೆ ಉಪ್ಪಿನಕಾಯಿಯನ್ನೂ ಲೆಕ್ಕಕ್ಕೆ ಹಿಡಿಯುವಳು. ಬಾಳೆ ಹಾಕಿ ಎಲ್ಲವನ್ನೂ ಬಡಿಸಿದ ಮೇಲೆ ಮಾತ್ರ ಮುಖ್ಯವಾದ ಕಾರ್ಯ. ಕಿರಿಯರಾದವರು ಹಿರಿಯರಾದವರ ಎದುರಿಗೆ ಬಂದು ಕೈಮುಗಿದು ‘ನಾ ಹೊಸ್ತ್ ಉಣ್ತೆ’ ಎನ್ನಬೇಕು. ಹಿರಿಯರು ‘ಉಣ್ಣ್’ ಎನ್ನಬೇಕು. ಅಷ್ಟೇ. ಮಂತ್ರವಿಲ್ಲ, ತಂತ್ರವಿಲ್ಲ. ಬೇರೆ ಮನೆಗಳಲ್ಲಿ ಯಜಮಾನನೊಬ್ಬನನ್ನೇ ಕೇಳಿದರೂ ಸಾಕಾಗಬಹುದು. ನಮ್ಮ ಅಜ್ಜಮ್ಮನ ಶಾಸನದಂತೆ, ತನಗಿಂತ ಒಂದು ದಿನ ಹಿರಿಯರಾದವರನ್ನೂ ಬಿಡದೆ ಕೇಳಬೇಕು. ಹದಿನೆಂಟು ಜನರ ಮನೆಯಲ್ಲಿ ಎಲ್ಲರಿಗಿಂತ ಕಿರಿಯಳಾದ ನಮ್ಮ ತಂಗಿಯು ಹದಿನೇಳು ಸಲ ಕೇಳಿ ಮುಗಿಸುವಷ್ಟರಲ್ಲಿ ಪಾಯಸಕ್ಕೆ ಕೆನೆ ಕಟ್ಟುತ್ತಿದ್ದಿತು.

ಆ ವರ್ಷದ ಹೊಸ್ತಿನ ದಿನ ನಾನು ಹಟ್ಟಿಯಲ್ಲಿ ಅಡಗಿ ಕುಳಿತೆನು. ಅಪ್ಪಯ್ಯನು ಕರೆದರೂ ಬರಲಿಲ್ಲ, ಅಮ್ಮನು ಕರೆದರೂ ಬರಲಿಲ್ಲ. ತಪ್ಪು ಮಾಡಿದೆನೆಂದು ಮನಸ್ಸು ಒಪ್ಪಿದ್ದರೂ ಬಾಯಿ ಒಪ್ಪದು. ಕಡೆಗೆ ನನ್ನನ್ನು ಎಬ್ಬಿಸಿದುದು ಪಶ್ಚಾತ್ತಾಪವೆಂದು ಬರೆಯಬಹುದಾಗಿತ್ತು. ನಿಜವಾಗಿ ಅದು ಪಾಯಸದ ಪರಿಮಳ. ಹೋಗಿ ಅಣ್ಣಯ್ಯನ ಎದುರಿಗೆ ನಿಂತೆನು. ಹುಬ್ಬಿನ ಗಾಯವು ಆಗ ಒಣಗಿ ಬಿಳಿಯ ಗೆರೆಯಾಗಿದ್ದಿತು. ‘ನಾ ಹೊಸ್ತ್’ ಎಂದೆನೋ ಇಲ್ಲವೋ, ವಾಕ್ಯವು ಮುಗಿಯುವುದಕ್ಕೆ ಮೊದಲೇ ಅವನು ‘ಉಣ್ಣ್, ಉಣ್ಣ್’ ಎಂದು ನನ್ನ ತಲೆಯನ್ನು ಕೆಳಕ್ಕೆ ಒತ್ತಿ ಕೂರಿಸಿದನು.

ಅದೇ ನವರಾತ್ರಿಯೋ ಮುಂದಿನದೋ, ನಾವಿಬ್ಬರೂ ಹೂವಿನಕೋಲಿಗೆ ಹೊರಟೆವು. ಹೂವಿನಕೋಲೆಂದರೆ ನಮ್ಮ ಬಡಗು ಸೀಮೆಯ ಒಂದು ಸೊಗಸು. ಹಿಂದೆ ಐಗಳ ಮಠಗಳಿದ್ದ ಕಾಲದಲ್ಲಿ, ಐಗಳು ತಮ್ಮ ಶಿಷ್ಯರ ಕೈಗೆ ಹೂವು ಬಣ್ಣದ ಕಾಗದಗಳಿಂದ ಸಿಂಗರಿಸಿದ ಕೋಲುಗಳನ್ನು ಕೊಟ್ಟು, ಮಹಾನವಮಿಯ ದಿನಗಳಲ್ಲಿ ಮನೆಮನೆಗೆ ಕರೆದೊಯ್ಯುತ್ತಿದ್ದರು. ಭಾಗವತರೂ ಮದ್ದಲೆಯವರೂ ಜತೆಗಿರುವರು. ಜಗುಲಿಯಲ್ಲಿ ಹುಡುಗರು ಎದುರುಬದುರು ಕುಳಿತು ಮೊದಲು ಮನೆಯವರನ್ನು ಹರಸುವ ಪದ, ಆಮೇಲೆ ಯಕ್ಷಗಾನ ಪ್ರಸಂಗದ ಒಂದು ತುಣುಕನ್ನು ಅರ್ಥಸಹಿತವಾಗಿ ಒಪ್ಪಿಸುವರು. ಮನೆಯವರು ಕೊಟ್ಟ ಅಕ್ಕಿ, ಕಾಯಿ, ದಕ್ಷಿಣೆಗಳು ಐಗಳಿಗೆ ಸಲ್ಲುವುವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಉಪಾಧ್ಯಾಯನ ಸಂಬಳವೂ ಹೌದು, ಶಾಲೆಯ ವಾರ್ಷಿಕೋತ್ಸವವೂ ಹೌದು, ಹುಡುಗನು ಏನು ಕಲಿತನೆಂದು ತಾಯಿತಂದೆಗಳು ಕಣ್ಣಾರೆ ನೋಡುವ ಪರೀಕ್ಷೆಯೂ ಹೌದು. ಮೂವತ್ತಕ್ಕೂ ಹೆಚ್ಚು ವರ್ಷ ಸರಕಾರದ ಸಂಬಳ ತಿಂದ ನನಗೆ ಅಂಥ ಪರೀಕ್ಷೆಯು ಒಮ್ಮೆಯೂ ಬರಲಿಲ್ಲವೆಂಬುದು ಸುದೈವವೇ ಸರಿ.

ನಮ್ಮ ಕಾಲಕ್ಕೆ ಐಗಳ ಮಠಗಳು ಇರಲಿಲ್ಲ. ಊರಿನ ಭಾಗವತರೊಬ್ಬರು ಹಳೆಯ ಪ್ರೀತಿಯಿಂದ ಹುಡುಗರನ್ನು ಕೂಡಿಸಿದ್ದರು. ಕೃಷ್ಣಾರ್ಜುನರ ಕಾಳಗದಲ್ಲಿ ಅಣ್ಣಯ್ಯನು ಕೃಷ್ಣ, ನಾನು ಅರ್ಜುನ. ಆರು ಮನೆಗಳಲ್ಲಿ ಸರಾಗವಾಗಿ ಸಾಗಿತು. ಏಳನೆಯ ಮನೆಯಲ್ಲಿ, ತುಂಬಿದ ಜಗುಲಿಯ ಮುಂದೆ, ನನ್ನ ಅರ್ಥವೆಲ್ಲವೂ ಮರೆತುಹೋಯಿತು. ಮದ್ದಲೆಯು ನಿಂತಿತು. ಆಗ ಕೃಷ್ಣನು ಗಂಭೀರವಾದ ಧ್ವನಿಯಲ್ಲಿ, ‘ಎಲೈ ಪಾರ್ಥ, ಶರಣಾಗತನಿಗೆ ಕೊಟ್ಟ ಭಾಷೆಯನ್ನು ಮೀರಲಾರೆನೆಂದು ನೀನು ಹೇಳಬೇಕೆಂದಿರುವೆ, ಹೇಳಲು ನಾಚುತ್ತಿರುವೆ, ನಿನ್ನ ಪರವಾಗಿ ನಾನೇ ಹೇಳಿ, ಅದಕ್ಕೆ ಉತ್ತರವನ್ನೂ ನಾನೇ ಕೊಡುತ್ತೇನೆ’ ಎಂದು ಎರಡೂ ಕಡೆಯ ಅರ್ಥವನ್ನು ತಾನೇ ಹೇಳಿ ಮುಗಿಸಿದನು! ಜನರು ಚಪ್ಪಾಳೆ ತಟ್ಟಿದರು. ಆ ಮನೆಯ ಅಜ್ಜಿಯು ನಮಗೆ ಒಂದು ಕಾಯಿಯ ಬದಲಿಗೆ ಎರಡು ಕೊಟ್ಟಳು. ಈ ಕಲೆಯು ನಿಂತುಹೋಗಲಿಲ್ಲವೆಂಬುದು ಸಂತೋಷ. ಕೊಮೆ ತೆಕ್ಕಟ್ಟೆಯ ಯಶಸ್ವಿ ಕಲಾವೃಂದದವರು ಮಕ್ಕಳನ್ನು ಕೂಡಿಸಿ ಹೂವಿನಕೋಲನ್ನು ಮತ್ತೆ ಮನೆಮನೆಗೆ ತಂದಿದ್ದಾರೆ.

ಇನ್ನು ಬರೆಯಬೇಕಾದುದು ನನಗೆ ಕಷ್ಟವಾದ ಭಾಗ.

1974ರ ಭೂಸುಧಾರಣೆಯ ಕಾಯಿದೆಯಿಂದ ನಮ್ಮ ಗೇಣಿಯ ಗದ್ದೆಗಳು ಉಳುವವರ ಪಾಲಾದವು. ಅದು ನ್ಯಾಯವೇ ಆಗಿತ್ತೆಂದು ನನ್ನ ಅಭಿಪ್ರಾಯ; ಅಪ್ಪಯ್ಯನ ಅಭಿಪ್ರಾಯವು ಬೇರೆಯಾಗಿತ್ತು. ಸ್ವಂತ ಸಾಗುವಳಿಯ ಎರಡು ಗದ್ದೆಗಳು ಉಳಿದುವು: ಮನೆಯ ಹಿಂದಣದೊಂದು, ಮುಂದಣದೊಂದು. ಎದುರಿನದು ಎಪ್ಪತ್ತು ಸೆಂಟ್ಸಿನ ಒಳ್ಳೆಯ ಬೈಲುಗದ್ದೆ. ಹೊಸ್ತಿನ ಕದಿರು ಕೊಯ್ಯುತ್ತಿದ್ದುದು ಅಲ್ಲಿ. ದೀಪಾವಳಿಯ ಪಾಡ್ಯದ ಸಂಜೆ ಹಟ್ಟಿಯ ದನಗಳಿಗೆ ಶೇಡಿಯ ಉರುಟು ಬೊಟ್ಟುಗಳನ್ನಿಟ್ಟು, ಗೊಂಡೆ ಹೂವಿನ ಮಾಲೆ ಹಾಕಿ, ಸೌತೆಕಾಯಿಯ ಕಡುಬನ್ನು ತಿನ್ನಿಸಿ, ಕತ್ತಲಾದ ಮೇಲೆ ದೀಪದ ಕೋಲು ನೆಟ್ಟು ಬಲೀಂದ್ರನನ್ನು ಕರೆಯುತ್ತಿದ್ದುದೂ ಅಲ್ಲಿಯೇ. ನಮ್ಮ ಗದ್ದೆಯಿಂದ ಎದ್ದ ಕೂಗಿಗೆ ಆಚೆಯ ಗದ್ದೆಯವರು ಕೂ ಎನ್ನುವರು, ಅದರಾಚೆಯವರು ಅವರಿಗೆ; ಕೂಗು ಬೈಲಿನಿಂದ ಬೈಲಿಗೆ ದಾಟಿ ಕಡಲ ಕಡೆಗೆ ಹೋಗುವುದನ್ನು ನಾವು ಕಿವಿಗೊಟ್ಟು ಕೇಳುತ್ತ ನಿಲ್ಲುವೆವು.

ಅಪ್ಪಯ್ಯನು 1999ರಲ್ಲಿ ತೀರಿಕೊಂಡರು. 2006ರಲ್ಲಿ ಪಾಲಾಯಿತು. ನಾನು ಎದುರಿನ ಗದ್ದೆಯನ್ನು ಕೇಳಿದೆನು. ಅಣ್ಣಯ್ಯನು ಮಾತನಾಡದೆ ಬಿಟ್ಟುಕೊಟ್ಟನು, ನಾಲ್ಕು ವರ್ಷ ಅದನ್ನು ತಾನೇ ಬೇಸಾಯ ಮಾಡಿ ನನಗೆ ಅಕ್ಕಿಯನ್ನೂ ಕಳುಹಿಸಿದನು. ಆಗ ಹೆದ್ದಾರಿಯನ್ನು ನಾಲ್ಕು ಪಥಗಳಾಗಿ ಅಗಲಿಸುವ ಮಾತು. ಭೂಮಿಯ ಬೆಲೆಯು ಏರಿತು. ನಾನು ಬ್ರಹ್ಮಾವರದಲ್ಲಿ ಮನೆ ಕಟ್ಟಿಸುತ್ತಿದ್ದೆನು. ಮಗನು ಎಂಜಿನಿಯರಿಂಗ್ ಓದುತ್ತಿದ್ದನು. 2010ರಲ್ಲಿ ಗದ್ದೆಯನ್ನು ಮಾರುತ್ತೇನೆಂದು ತಿಳಿಸಿದೆನು. ಅಣ್ಣಯ್ಯನು ಬಸ್ಸು ಹತ್ತಿ ನನ್ನ ಬಾಡಿಗೆಯ ಮನೆಗೆ ಬಂದು, ‘ನನಗೇ ಕೊಡು. ಮೂರು ಗಡುವಿನಲ್ಲಿ ತೀರಿಸುತ್ತೇನೆ’ ಎಂದನು. ಹೊರಗಿನವರು ಒಂದೇ ಗಂಟಿನಲ್ಲಿ, ಅದೂ ಹೆಚ್ಚಾಗಿ ಕೊಡುವೆನೆಂದಿದ್ದರು. ವ್ಯವಹಾರದಲ್ಲಿ ಬಂಧುತ್ವವನ್ನು ತರಬಾರದೆಂಬ ಅರ್ಥದ ಒಂದು ಸುಭಾಷಿತವನ್ನು ನಾನು ಅವನಿಗೆ ಹೇಳಿದೆನು. ಸಂಸ್ಕೃತದಲ್ಲಿ ಹೇಳಿ, ಕನ್ನಡದಲ್ಲಿ ಅರ್ಥವನ್ನೂ ಹೇಳಿದೆನು. ಅವನು ಕೇಳಿಕೊಂಡನು. ಅರ್ಧ ಕುಡಿದ ಕಾಫಿಯ ಲೋಟವನ್ನು ಕೆಳಗಿಟ್ಟು ಹೋದನು. ಪಾಠಶಾಲೆಯಲ್ಲಿ ಕಲಿತ ವಿದ್ಯೆಯನ್ನು ನಾನು ಇಷ್ಟು ಹೀನವಾಗಿ ಬೇರೆಲ್ಲಿಯೂ ಉಪಯೋಗಿಸಿಲ್ಲ.

ಗದ್ದೆಗೆ ಕೆಮ್ಮಣ್ಣು ತುಂಬಿದರು. ಆರು ನಿವೇಶನಗಳಾಗಿ, ಆರು ಮನೆಗಳೆದ್ದವು.

ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ನಾವು ಮದುವೆ ಉಪನಯನಗಳಲ್ಲಿ ಕಂಡರೆ ‘ಬಂದಿಯಾ’ ಎನ್ನುವಷ್ಟಕ್ಕೆ ಮಾತನ್ನು ನಿಲ್ಲಿಸಿದೆವು. ಅಜ್ಜಮ್ಮನ ಚೆನ್ನೆಮಣೆಯು ಬೈಂದೂರಿಗೆ ಮದುವೆಯಾಗಿ ಹೋದ ತಂಗಿಯ ಮನೆಯನ್ನು ಸೇರಿತು. ಅವಳು ಚೌತಿಗೆ ಕೊಟ್ಟೆ ಕಡುಬು ಮಾಡಿ ಎರಡು ಡಬ್ಬಿಗಳಲ್ಲಿ ತುಂಬಿ ಒಂದೇ ಬಸ್ಸಿನ ನಿರ್ವಾಹಕನ ಕೈಯಲ್ಲಿ ಕೊಡುವಳು. ಒಂದು ತೆಕ್ಕಟ್ಟೆಯಲ್ಲಿ ಇಳಿಯುವುದು, ಇನ್ನೊಂದು ಬ್ರಹ್ಮಾವರದಲ್ಲಿ. ಎರಡರಲ್ಲಿಯೂ ಕಡುಬಿನ ಲೆಕ್ಕವು ಒಂದೇ ಇರುತ್ತಿದ್ದಿತೆಂದು ನನಗೆ ಸಂಶಯವಿಲ್ಲ, ಅವಳು ಅಂಥವಳು. ನನಗೆ ಹೊಸ್ತಿನ ಕದಿರು ದೇವಸ್ಥಾನದಲ್ಲಿ ಸಿಕ್ಕುತ್ತಿದ್ದಿತು. ಗದ್ದೆಯಿಲ್ಲದವರಿಗೆಂದು ಈಗ ಅಲ್ಲಿ ಹಂಚುವರು. ಅದನ್ನು ತಂದು ಬಾಗಿಲಿಗೆ ಕಟ್ಟಿ, ಹೆಂಡತಿಯೂ ಮಕ್ಕಳೂ ನನ್ನ ಅಪ್ಪಣೆಯನ್ನು ಕೇಳಲಾಗಿ, ‘ಉಣ್ಣಿ’ ಎಂದು ಯಜಮಾನನಂತೆ ಹೇಳಿ ನಾನೂ ಉಣ್ಣುತ್ತಿದ್ದೆನು.

2019ರಿಂದ ಆಸಾಡಿಯ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವೆಂದು ನಮ್ಮವರು ಆಚರಿಸುತ್ತಿರುವರಷ್ಟೆ. ಅಂಥದೊಂದು ಸಭೆಗೆ ಹಳೆಯ ಆಟಗಳ ವಿಷಯದಲ್ಲಿ ಮಾತನಾಡಲು ನನ್ನನ್ನು ಕರೆದಿದ್ದರು. ಮೇಜಿನ ಮೇಲೆ ಹೊಸ ಚೆನ್ನೆಮಣೆಯನ್ನಿಟ್ಟು ಇಬ್ಬರು ಹುಡುಗರು ಆಡುತ್ತಿದ್ದರು. ನೀವು ಯಾರೆಂದು ಕೇಳಿದರೆ, ಅಣ್ಣತಮ್ಮಂದಿರೆಂದರು. ಆಡಬಾರದೆಂದು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆನು. ಅದನ್ನು ಹೇಳಲು ನನಗೇನು ಅಧಿಕಾರ?

2024ರ ನವರಾತ್ರಿಯಲ್ಲಿ ಎಂದಿನಂತೆ ತಂಗಿಯ ಫೋನು ಬಂದಿತು. ಪ್ರತಿವರ್ಷವೂ ಅವಳು ಇಬ್ಬರಿಗೂ ಫೋನು ಮಾಡಿ ಅಪ್ಪಣೆ ಕೇಳದೆ ಉಣ್ಣುವವಳಲ್ಲ.

‘ಸಣ್ಣಣ್ಣ, ನಾ ಹೊಸ್ತ್ ಉಣ್ತೆ.’

‘ಉಣ್ಣ್.’

ಅಲ್ಲಿಗೆ ನಿಲ್ಲಿಸುವವಳು ಆ ದಿನ ಸ್ವಲ್ಪ ತಡೆದು, ‘ನೀ ಯಾರ್ ಹತ್ರ ಕೇಂಡ್ ಉಂಬುದ್?’ ಎಂದಳು. ಕೋಪವಿರಲಿಲ್ಲ, ವ್ಯಂಗ್ಯವಿರಲಿಲ್ಲ, ತಿಳಿಯದುದನ್ನು ಕೇಳುವವಳ ಹಾಗೆ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳೂ ಕಾಯಲಿಲ್ಲ.

ಮರುದಿನ ಅಣ್ಣಯ್ಯನ ಮನೆಯಲ್ಲಿ ಹೊಸ್ತೆಂದು ಅವಳ ಮಾತಿನಿಂದಲೇ ತಿಳಿದಿತ್ತು. ಬ್ರಹ್ಮಾವರದಿಂದ ತೆಕ್ಕಟ್ಟೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ; ಹದಿನಾಲ್ಕು ವರ್ಷಗಳಲ್ಲಿ ನಾನು ಆ ಸ್ಥಳವನ್ನು ಕಿಟಕಿಯಿಂದ ನೋಡಿ ದಾಟಿದುದಕ್ಕೆ ಲೆಕ್ಕವಿಲ್ಲ. ಇಳಿದು ನಡೆದೆನು. ಆರು ಮನೆಗಳ ನಡುವಿನ ಕಾಂಕ್ರೀಟಿನ ದಾರಿಯಲ್ಲಿಯೇ ಹೋಗಬೇಕು, ಬೇರೆ ದಾರಿಯಿಲ್ಲ. ಅಂಗಳದಲ್ಲಿ ಅತ್ತಿಗೆಯು ಹರಿವಾಣ ತೊಳೆಯುತ್ತಿದ್ದಳು. ನನ್ನನ್ನು ಕಂಡು ಸೆರಗನ್ನು ಸರಿಪಡಿಸಿಕೊಂಡು ಏನೂ ಹೇಳದೆ ಒಳಗೆ ಹೋದಳು. ಒಂದು ಕ್ಷಣದ ಮೇಲೆ ಕಾಲಿಗೆ ನೀರು ತಂದಿಟ್ಟಳು.

ಹದಿನೆಂಟು ಜನರು ಕುಳಿತು ಉಣ್ಣುತ್ತಿದ್ದ ಚಾವಡಿಯಲ್ಲಿ ಎರಡು ಬಾಳೆಗಳು. ಮಕ್ಕಳು ಬೆಂಗಳೂರಿನಲ್ಲಿ. ಅಣ್ಣಯ್ಯನು ಮೊಣಕಾಲು ನೋವಿನಿಂದ ಮಣೆಯ ಮೇಲೆ ಕೂರಲಾರದೆ ಕುರ್ಚಿಯ ಮೇಲೆ ಕುಳಿತಿದ್ದನು. ಸೊರಗಿದ್ದನು. ಹುಬ್ಬು ನರೆತು ಆ ಬಿಳಿಯ ಗೆರೆಯು ಕಾಣುವಂತಿರಲಿಲ್ಲ. ಎಲ್ಲಿದೆಯೆಂದು ಬಲ್ಲ ನನಗೆ ಕಂಡಿತು. ದಾರಿಯುದ್ದಕ್ಕೂ ಏನೇನೋ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆನು. ಗದ್ದೆಯ ವಿಷಯ, ಆ ದಿನದ ಶ್ಲೋಕದ ವಿಷಯ. ಏಳನೆಯ ಮನೆಯ ಜಗುಲಿಯಲ್ಲಾದಂತೆ ಎಲ್ಲವೂ ಮರೆತುಹೋಯಿತು. ಕೈಮುಗಿದು,

‘ಅಣ್ಣಯ್ಯ, ನಾ ಹೊಸ್ತ್ ಉಣ್ತೆ’ ಎಂದೆನು.

ಈ ಸಲ ವಾಕ್ಯವು ಪೂರ್ಣವಾಗಿಯೇ ಹೊರಬಂದಿತು. ಅವನು ನನ್ನನ್ನು ನೋಡಲಿಲ್ಲ. ಬಾಳೆಯ ಮೇಲಿನ ಉಪ್ಪನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದನು. ಒಳಗೆ ಪಾಯಸದ ಪಾತ್ರೆಯನ್ನು ಇಳಿಸಿದ ಸದ್ದಾಯಿತು. ಬಹಳ ಹೊತ್ತಾಯಿತೆಂದು ನನಗೆ ತೋರಿತು. ಅತ್ತಿಗೆಯು ಮೂರನೆಯ ಬಾಳೆಯನ್ನು ತಂದು ಹಾಕಿ ನೀರು ಚಿಮುಕಿಸುವಷ್ಟು ಹೊತ್ತು ಮಾತ್ರ ಆಗಿದ್ದಿರಬಹುದು.

‘ಬಾಳೆ ಹಾಕಿತ್’ ಎಂದನು ಅಣ್ಣಯ್ಯ. ‘ಕೂಕೊ.’

ಊಟದಲ್ಲಿ ಮಾತು ನಡೆದುದೆಲ್ಲ ಬೆಳೆಯ ವಿಷಯ. ಹಿಂದಣ ಗದ್ದೆಗೆ ಈ ವರ್ಷವೂ ಎಂ.ಓ. 4ನ್ನೇ ಹಾಕಿದ್ದಾನೆ, ಕೇರಳದ ಮಂಕೊಂಬಿನಿಂದ ಬಂದ ಆ ತಳಿ ನಮ್ಮ ಕೆಂಪಕ್ಕಿಯ ಗದ್ದೆಗಳನ್ನೆಲ್ಲ ತುಂಬಿ ಎಷ್ಟೋ ಕಾಲವಾಯಿತು. ಬ್ರಹ್ಮಾವರದ ಸಂಶೋಧನ ಕೇಂದ್ರದ ‘ಸಹ್ಯಾದ್ರಿ ಕೆಂಪುಮುಕ್ತಿ’ಯ ಬೀಜ ಸಿಕ್ಕುವುದೋ ವಿಚಾರಿಸು, ನೀನು ಅಲ್ಲಿಯೇ ಇರುವವನಲ್ಲವೇ ಎಂದನು. ವಿಚಾರಿಸುತ್ತೇನೆಂದೆನು. ಪದಾರ್ಥಗಳನ್ನು ನಾನು ಮನಸ್ಸಿನಲ್ಲಿಯೇ ಎಣಿಸಿದೆನು. ಉಪ್ಪಿನಕಾಯಿಯೂ ಸೇರಿ ಒಂಬತ್ತು.

ಹೊರಡುವಾಗ ಅವನು ಕುರ್ಚಿಯಲ್ಲಿ ಕುಳಿತೇ ನನ್ನ ಮನೆಗೆಂದು ಕದಿರು ಕಟ್ಟಿದನು. ನಾಲ್ಕು ಬಗೆಯ ಎಲೆಗಳನ್ನು ಅಂಚಿಗೆ ಅಂಚು ಕೂಡುವಂತೆ ಜೋಡಿಸಿ, ನಾರಿನಿಂದ ಎರಡು ಸುತ್ತು ಸುತ್ತಿ ಗಂಟು ಬಿಗಿಯುವ ಆ ಬೆರಳುಗಳು ಈಗಲೂ ತಪ್ಪುವುದಿಲ್ಲ. ಐದು ಕಟ್ಟಿದನು. ನಮ್ಮದು ಸಣ್ಣ ಮನೆ. ಬಾಗಿಲು, ದೇವರ ಕೋಣೆ, ಅಡಿಗೆಯ ಮನೆ, ಪುಸ್ತಕದ ಕಪಾಟು, ನಾಲ್ಕು ಸಾಕೆಂದೆನು.

‘ಐದನೇದ್ ಎದ್ರಿನ ಗದ್ದಿಗೆ’ ಎಂದನು.

ಚೀಲ ಹಿಡಿದು ಆರು ಮನೆಗಳ ದಾರಿಗೆ ಬಂದೆನು. ನಾವು ಕದಿರು ಕೊಯ್ಯುತ್ತಿದ್ದ ಈಶಾನ್ಯದ ಮೂಲೆ ಎಲ್ಲಿಯೆಂದು ಹೆಜ್ಜೆಯಿಂದ ಅಳೆದು ನೋಡಿದರೆ, ಅದು ಮೂರನೆಯ ಮನೆಯ ಗೇಟಿನ ಬಳಿಗೆ ಬರುತ್ತದೆ. ಅಲ್ಲಿ ನಿಂತು ಚೀಲದಲ್ಲಿ ಕೈಯಿಟ್ಟಾಗ ಒಳಗಿನಿಂದ ಎಳೆಯ ವಯಸ್ಸಿನ ಹೆಂಗಸೊಬ್ಬಳು ಬಂದು, ಯಾರು ಬೇಕಾಗಿತ್ತೆಂದು ಕೇಳಿದಳು. ಘಟ್ಟದ ಮೇಲಿನ ಮಾತು. ಇದು ಇಲ್ಲಿನ ಪದ್ಧತಿ, ಗೇಟಿಗೆ ಕಟ್ಟಲು ಅನುಮತಿ ಕೊಡುವಿರಾ ಎಂದೆನು. ಯಾವ ದೇವಸ್ಥಾನದವರು, ಎಷ್ಟು ಕೊಡಬೇಕೆಂದು ಕೇಳಿದಳು. ಏನೂ ಬೇಡವೆಂದೆನು. ಅವಳು ಕದಿರನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ, ತಾನೇ ಗೇಟಿನ ಸರಳಿಗೆ ಕಟ್ಟಿದಳು. ಗಂಟು ಸಡಿಲಾಗಿದ್ದುದರಿಂದ ನಾನು ಇನ್ನೊಂದು ಸುತ್ತು ಬಿಗಿದೆನು.

ದೀಪಾವಳಿಯ ಪಾಡ್ಯಕ್ಕೆ ತಂಗಿಯೂ ಬಂದಿದ್ದಳು. ಅಣ್ಣಯ್ಯನ ಹಿಂದಣ ಗದ್ದೆಯ ಅಂಚಿನಲ್ಲಿ ದೀಪದ ಕೋಲು ನೆಟ್ಟು ಮೂವರೂ ಬಲೀಂದ್ರನನ್ನು ಕರೆದೆವು. ಸಾಯಂಕಾಲ ಬರುವಾಗ ಆ ಗೇಟನ್ನು ನೋಡಿದ್ದೆನು. ಎಲೆಗಳು ಒಣಗಿ ಸುರುಟಿದ್ದರೂ ಕಟ್ಟು ಹಾಗೆಯೇ ಇದ್ದಿತು. ಕಾಳುಗಳನ್ನು ಹಕ್ಕಿಗಳು ಹೆಕ್ಕಿದ್ದುವು.